ಏಳನೆಯ ತಿರುವಿನ ಬಿಳಿ ಗೆರೆ

ಭಾಲ್ಕಿಯಿಂದ ಹೊರಟಿದ್ದು

ಹೋಗಿದ್ದು ಕೊಲ್ಲಿಯ ಒಂದು ದೇಶಕ್ಕೆ. ಅದರ ಹೆಸರು ಬರೆಯುವುದಿಲ್ಲ. ನಾನು ಬೈಯಬೇಕಾದವರು ಅಲ್ಲಿದ್ದಾರೆ, ನನ್ನ ಹಳೆಯ ಶಿಷ್ಯೆ ನಸ್ರೀನ್ ಆ ಜನರ ನಡುವೆಯೇ ಬದುಕಬೇಕು. ವಾಪಸ್ಸು ಬಂದಾಗ ಓಣಿಯವರು ಕೇಳಿದ್ದು ಬಂಗಾರದ ಧಾರಣೆ ಮತ್ತು ಕಟ್ಟಡಗಳ ಎತ್ತರ. ನಾನು ಹೇಳಿದ್ದು ರಸ್ತೆಯ ಮೇಲಿನ ಒಂದು ಬಿಳಿ ಗೆರೆಯ ವಿಷಯ. ಅರ್ಧ ಕೇಳಿ, ಒಲೆಯ ಮೇಲೆ ಹಾಲಿಟ್ಟಿದ್ದೇವೆ ಅಂತ ಎದ್ದು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಎದ್ದು ಹೋದರೆ ಕನಿಷ್ಠ ನನ್ನ ಕಣ್ಣಿಗೆ ಕಾಣುವುದಿಲ್ಲ.

ನಾನು ಭಾಲ್ಕಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಕಲಿಸಿದ್ದು ಕಬಡ್ಡಿ. ನಿವೃತ್ತಿಯಾದ ವರ್ಷ ಬರಗಾಲ ಎಷ್ಟು ಬಿಗಿಯಾಗಿತ್ತೆಂದರೆ, ಕೊನೆಗೆ ಒಂದು ಪಂದ್ಯ ಆಡಿಸೋಣ ಅಂದರೆ ತಂಡ ಕಟ್ಟುವಷ್ಟು ಹುಡುಗಿಯರೇ ಸಿಗಲಿಲ್ಲ. ಕೆಲವರು ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು, ಕೆಲವರು ಹೈದರಾಬಾದಿಗೆ. ಉಳಿದವರು ಟ್ಯಾಂಕರಿನ ಮುಂದೆ ಕೊಡ ಇಟ್ಟು ಕೂತಿದ್ದರು. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ನನ್ನ ಡಬ್ಬಿಯಿಂದ ಆ ವರ್ಷ ನಾನು ಟ್ಯಾಂಕರಿನ ಮುಂದೆ ಗೆರೆ ಎಳೆದೆ. ಗೆರೆ ದಾಟಿದವರು ಪಾಳಿಯ ಕೊನೆಗೆ. ನಗರಸಭೆ ಸದಸ್ಯರ ಮನೆಯ ಕೊಡವನ್ನೂ ಕೊನೆಗೆ ಕಳಿಸಿದ್ದೇನೆ, ಬೈಸಿಕೊಂಡಿದ್ದೇನೆ.

ಗೆರೆಯ ಬಗ್ಗೆ ನನಗೆ ಇಷ್ಟು ಹಟ ಯಾಕೆ ಅಂತ ಕೇಳುತ್ತಾರೆ. ನಾನು ಹುಟ್ಟಿದ ಊರು ಹಲಬರ್ಗಾ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ನಮ್ಮ ಹುಡುಗರು ಆಫೀಸುಗಳಲ್ಲಿದ್ದಾರೆ. ನಾನು ಸಣ್ಣವಳಿದ್ದಾಗ ಅಲ್ಲಿನ ಬಾವಿಯ ಸುತ್ತ ಒಂದು ಗೆರೆ ಇತ್ತು. ಅದು ನಮಗೆ ಮಾತ್ರ ಇದ್ದ ಗೆರೆ. ಆಚೆ ನಿಂತವರು ಮೇಲಿಂದ ಸುರಿದರೆ ನಮಗೆ ನೀರು, ಇಲ್ಲದಿದ್ದರೆ ಇಲ್ಲ. ಗೆರೆ ಎಂದರೆ ಎಲ್ಲರಿಗೂ ಗೆರೆ, ಇಲ್ಲವಾದರೆ ಅಳಿಸಿಬಿಡಿ ಅನ್ನುವುದು ಅಲ್ಲಿ ಕಲಿತ ಪಾಠ. ಸಾಲೆಗೆ ಬಂದ ಮೇಲೆ ನಾನೊಂದು ರೂಢಿ ಮಾಡಿದೆ. ಆಡುವಾಗ ಕಾಲು ಗೆರೆಯ ಹೊರಗೆ ಬಿದ್ದರೆ ಅಂಪೈರ್ ನೋಡಲಿ ಬಿಡಲಿ, ಹುಡುಗಿ ತಾನೇ ಕೈ ಎತ್ತಬೇಕು. ಔರಾದಿನ ಪಂದ್ಯಗಳಲ್ಲಿ ಇದನ್ನು ನೋಡಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. "ಭಾಲ್ಕಿ ಪೋರಿಗೋಳು ತಾವೇ ಔಟ್ ಆಗ್ತಾವ ನೋಡ್ರಿ" ಅನ್ನುತ್ತಿದ್ದರು. ನಗಲಿ ಅಂತ ಬಿಟ್ಟೆ.

ಹಾಗೆ ಕೈ ಎತ್ತಿ ಬೆಳೆದ ಹುಡುಗಿಯರಲ್ಲಿ ನಸ್ರೀನ್ ಒಬ್ಬಳು. ಅವಳ ಅಪ್ಪ ಗಂಜ್ ಮಾರುಕಟ್ಟೆಯ ಹತ್ತಿರ ಎತ್ತಿನ ಕಾಲಿಗೆ ಲಾಳ ಬಡಿಯುತ್ತಿದ್ದ ನಾಲಬಂದ. ಹಿಂದಿನ ಒಂದು ಬರದಲ್ಲಿ ಜನ ಎತ್ತು ಮಾರಿದರು. ಎತ್ತೇ ಇಲ್ಲದ ಮೇಲೆ ಲಾಳ ಯಾರಿಗೆ? ಸಂಸಾರ ಹೈದರಾಬಾದಿಗೆ ಹೋಯಿತು. ಮುಂದೆ ಅವಳಿಗೆ ಕಮಠಾಣದ ಜಾವೇದನ ಜೊತೆ ನಿಖಾ ಆಯಿತು. ಅವನು ಕೊಲ್ಲಿಯಲ್ಲಿ ಟೈರ್ ಅಂಗಡಿ ಇಟ್ಟ. ನಾನು ನಿವೃತ್ತಳಾದೆ ಅಂತ ಗೊತ್ತಾದಾಗ ನಸ್ರೀನ್ ಫೋನು ಮಾಡಿದಳು. "ಟೀಚರ್, ಒಂದ್ಸಲ ಬರ್ರಿ. ನಾ ಇಲ್ಲಿ ಗೆರಿ ಕಾಯ್ಲತ್ತೀನಿ. ನೀವು ನೋಡ್ಬೇಕ್ರಿ" ಅಂದಳು. ಗೆರೆ ಕಾಯುವುದೆಂದರೇನು ಅಂತ ತಿಳಿಯದಿದ್ದರೂ ಹೊರಟೆ.

ವಿಮಾನ ನಿಲ್ದಾಣ

ಹೈದರಾಬಾದಿನಲ್ಲಿ ನನ್ನ ಚೀಲ ಹಿಡಿದಿಟ್ಟರು. ಒಳಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಅಭ್ಯಾಸಬಲದಿಂದ ಹಾಕಿಕೊಂಡ ನನ್ನ ಉಕ್ಕಿನ ಸೀಟಿ. ಶೇಂಗಾ ಹಿಂಡಿಯನ್ನು ಅವರು ಮದ್ದಿನ ಪುಡಿ ನೋಡಿದ ಹಾಗೆ ನೋಡಿದರು. ಸೀಟಿಯನ್ನು ತಪಾಸಣೆಯ ಹುಡುಗ ಕೈಯಲ್ಲಿ ತಿರುಗಿಸಿ, ಇದು ಏನು ಅಂದ. ಊದಿ ತೋರಿಸಿದೆ. ಇಡೀ ಸಾಲು ನಿಂತುಬಿಟ್ಟಿತು, ದೂರದಲ್ಲಿದ್ದ ಪೊಲೀಸರು ಓಡಿಬಂದರು. ಜನ ನಿಂತದ್ದು ನೋಡಿ ನನಗೆ ಸಮಾಧಾನವೇ ಆಯಿತು. ಅವರಿಗೆ ಆಗಲಿಲ್ಲ.

ಇಳಿದ ಮೇಲೆ ಮೊದಲು ಕಂಡಿದ್ದು ಹುಲ್ಲು. ಮರಳುಗಾಡಿನ ನಡುವೆ, ರಸ್ತೆಯ ಎರಡೂ ಬದಿ, ಹಸಿರು ಹುಲ್ಲಿಗೆ ಮಟಮಟ ಮಧ್ಯಾಹ್ನ ನೀರು ಚಿಮ್ಮುತ್ತಿತ್ತು. ನಮ್ಮ ಕಡೆ ಮಳೆ ಬೀಳುವ ನೆಲ, ಆದರೂ ಕುಡಿಯಲು ನೀರಿಲ್ಲ. ಇಲ್ಲಿ ಮಳೆಯ ಮುಖ ನೋಡದ ನೆಲ, ಹುಲ್ಲಿಗೆ ಸ್ನಾನ. ಸಮುದ್ರದ ನೀರಿನ ಉಪ್ಪು ತೆಗೆದು ಬಿಡುತ್ತಾರೆ ಆಪಾ ಅಂತ, ಕರೆದೊಯ್ಯಲು ಬಂದಿದ್ದ ಜಾವೇದ್ ವಿವರಿಸಿದ. ಅವನಿಗೆ ನಾನು ಆಪಾ, ಅಂದರೆ ಅಕ್ಕ. ಯಾವ ನೀರಾದರೇನು, ನನ್ನ ಹೊಟ್ಟೆ ಉರಿಯಿತು.

ಟೈರ್ ಅಂಗಡಿಯ ಮೇಲಿನ ಮನೆ

ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ನಸ್ರೀನ್ ಹಗಲು ಗಲ್ಲಾದ ಹಿಂದೆ ಕೂತಿರುತ್ತಾಳೆ. ಬಂದವರು ಅವಳನ್ನು ದಾಟಿ ಒಳಗೆ ನೋಡಿ, ಯಾರಾದರೂ ಇದ್ದಾರೇನು ಅಂತ ಕೇಳುತ್ತಾರೆ. ಅವಳು ಹೇಳಿದ ಟೈರಿನ ಅಳತೆಯನ್ನು ಮತ್ತೊಮ್ಮೆ ಜಾವೇದನ ಬಾಯಿಂದ ಕೇಳಿಯೇ ಒಪ್ಪುತ್ತಾರೆ. ಮೂರು ದಿನ ನೋಡಿದೆ. ಮೂರನೆಯ ದಿನ ಒಬ್ಬನಿಗೆ ಕನ್ನಡದಲ್ಲೇ ಬೈದೆ. ಅವನು ನಗುತ್ತಾ ನನಗೆ ಖರ್ಜೂರ ಕೊಟ್ಟು ಹೋದ.

ವಾರದ ಕೊನೆಗೆ ಮಾತ್ರ ನಸ್ರೀನ್ ಬೇರೆ ಹೆಂಗಸು. ಊರ ಹೊರಗೆ ಕಾರು ಓಡಿಸುವ ಪಂದ್ಯದ ದೊಡ್ಡ ರಸ್ತೆಯಿದೆ. ಹಾವಿನ ಹಾಗೆ ಸುತ್ತಿ ಸುತ್ತಿ ಮತ್ತೆ ಹೊರಟಲ್ಲಿಗೇ ಬರುವ ರಸ್ತೆ. ಅದರ ಎರಡು ಅಂಚಿಗೂ ಬಿಳಿ ಗೆರೆ. ಗೆರೆಯ ಆಚೆ ಕೆಂಪು ಬಿಳಿ ಬಣ್ಣದ ಉಬ್ಬು, ಅದರಾಚೆ ಬೇರೆ ಬಣ್ಣ ಬಳಿದ ನುಣುಪು ನೆಲ. ತಿರುವಿನಲ್ಲಿ ಗೆರೆ ದಾಟಿ ಅಗಲಕ್ಕೆ ಹೋದರೆ ವೇಗ ಇಳಿಸುವುದು ಬೇಕಿಲ್ಲ, ಓಟ ಬೇಗ ಮುಗಿಯುತ್ತದೆ. ಆದ್ದರಿಂದ ನಿಯಮ ಇದೆ. ನಾಲ್ಕೂ ಚಕ್ರ ಗೆರೆಯಾಚೆ ಹೋದರೆ ಒಂದು ತಪ್ಪು. ಮೂರರ ತನಕ ಎಚ್ಚರಿಕೆ. ನಾಲ್ಕನೆಯದಕ್ಕೆ ಓಟದ ಸಮಯಕ್ಕೆ ಐದು ಸೆಕೆಂಡು ಕೂಡಿಸುತ್ತಾರೆ. ಜಗತ್ತಿನ ದೊಡ್ಡ ಪಂದ್ಯಗಳಲ್ಲಿ ಇದನ್ನು ನೋಡಲು ಕ್ಯಾಮೆರಾಗಳಿವೆ. ಸ್ಥಳೀಯ ಪಂದ್ಯಕ್ಕೆ ಮನುಷ್ಯರೇ ಕ್ಯಾಮೆರಾ. ತಿರುವಿಗೊಬ್ಬರಂತೆ ಬಿಳಿ ಜಾಕೀಟು ಹಾಕಿಸಿ ನಿಲ್ಲಿಸುತ್ತಾರೆ. ಕೂಲಿಯಿಲ್ಲ, ಊಟ ಮತ್ತು ಟೋಪಿ ಅಷ್ಟೇ. ಆದರೆ ಅವರು ವೈರ್‌ಲೆಸ್ಸಿನಲ್ಲಿ ಹೇಳಿದ ಮಾತೇ ಕೊನೆ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ನಿಯಮದಲ್ಲಿದೆ. ನಸ್ರೀನ್ ಏಳನೆಯ ತಿರುವಿನವಳು.

"ಈ ದೇಶದಾಗ ನನ್ನ ಮಾತು ನಡಿಯೋದು ಅದೊಂದೇ ಜಾಗದಾಗ್ರಿ ಟೀಚರ್" ಅಂದಳು, ರೊಟ್ಟಿ ಮುರಿಯುತ್ತಾ. ಮುಂದೆ ಬರಲಿದ್ದ ದೊಡ್ಡ ಪಂದ್ಯಕ್ಕೆ ಗೆರೆ ಕಾಯಲು ಅವಳ ಹೆಸರನ್ನು ಕಳಿಸುವ ಮಾತಿತ್ತು. ಈ ವಾರದ ಪಂದ್ಯ ಚೆನ್ನಾಗಿ ಆದರೆ ಆಯಿತು ಎಂದಿದ್ದರಂತೆ.

ಜಾವೇದನಿಗೆ ಈ ನಿಯಮವೇ ಸರಿಬರದು. "ಆಪಾ, ಅಷ್ಟು ಜೋರಿನಾಗ ಕೂತವಂಗ ಗೆರಿ ಎಲ್ಲಿ ಕಾಣ್ತದ? ದಾಟಬಾರ್ದು ಅಂದ್ರ ಅಲ್ಲಿ ಕಂಕರ್ ಹಾಕಲಿ. ಗಾಡಿ ಹೂತು ನಿಂತ್ರ ತಾನೇ ಬುದ್ಧಿ ಬರ್ತದ. ನುಣ್ಣಗ ಹಾದಿ ಮಾಡಿಟ್ಟು, ಹೋಗಬ್ಯಾಡ ಅಂದ್ರ ಹ್ಯಾಂಗ?" ಅಂದ.

"ಉಸಿರು ಹಿಡ್ದು ಕಬಡ್ಡಿ ಅನ್ನೋ ಪೋರಿಗಿ ಗೆರಿ ಕಾಣ್ತದಪ್ಪ" ಅಂದೆ. "ಬೇಲಿಗಿ ಹೆದ್ರಿ ನಿಲ್ಲೋದು ದನ. ಗೆರಿಗಿ ನಿಲ್ಲೋನು ಮನಷ್ಯಾ."

ಜಾವೇದ್ ನಕ್ಕು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ. ಅವನು ಹೇಳಿದ್ದರಲ್ಲಿ ಹುರುಳಿಲ್ಲ ಅನ್ನಲಾರೆ. ಪಂದ್ಯ ನೋಡುವ ಊರಿನಲ್ಲೆಲ್ಲ ಈ ಜಗಳ ಇದೆಯಂತೆ. ಜಲ್ಲಿ ಹಾಕಿ ಅನ್ನುವವರು ಒಂದು ಕಡೆ, ಜಲ್ಲಿಯಲ್ಲಿ ಕಾರು ಪಲ್ಟಿಯಾದೀತು ಅನ್ನುವವರು ಇನ್ನೊಂದು ಕಡೆ.

ಏಳನೆಯ ತಿರುವು

ಪಂದ್ಯದ ಬೆಳಿಗ್ಗೆ ಅವರು ಟ್ಯಾಂಕರು ತಂದು ರಸ್ತೆ ತೊಳೆದರು. ಮರಳು ಕೂತಿರುತ್ತದಂತೆ. ಭಾಲ್ಕಿಯಲ್ಲಿ ಅಂಥ ಒಂದು ಟ್ಯಾಂಕರಿಗೆ ಓಣಿಗೆ ಓಣಿಯೇ ಕಾಯುತ್ತದೆ. ನನ್ನ ಪಕ್ಕದಲ್ಲಿ ಕೂತಿದ್ದ ಮರಿಯಾ ಎಂಬ ನರ್ಸಿಗೆ ಇದನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಫಿಲಿಪ್ಪೀನ್ಸಿನವಳು, ಮೂರನೆಯ ತಿರುವಿನ ಗೆರೆ ಅವಳದು, ಆ ದಿನ ಅವಳ ಪಾಳಿ ಮಧ್ಯಾಹ್ನಕ್ಕಿತ್ತು. ನಮ್ಮ ಊರಲ್ಲಿ ನೀರೇ ಬಂದು ಮನೆ ತೊಳೆದುಕೊಂಡು ಹೋಗುತ್ತದೆ, ನಿಮ್ಮದು ನಮ್ಮದು ಕೂಡಿಸಿ ಹಂಚಬೇಕಿತ್ತು ಅಂದಳು.

ಕಾರುಗಳು ಹೊರಟಾಗ ಕಿವಿಗೆ ಅರಳೆ ಇಟ್ಟುಕೊಂಡೆ. ಅದೇನು ಸದ್ದು, ಎದೆಯ ಗೂಡಿನೊಳಗೆ ಹಿಟ್ಟಿನ ಗಿರಣಿ ಹೂಡಿದ ಹಾಗೆ. ಮೊದಲು ಬರುತ್ತಿದ್ದುದು ಒಂದು ಹಳದಿ ಕಾರು. ಅದರ ಬೆನ್ನಿಗೇ ಒಂದು ನೀಲಿ ಕಾರು. ಹಳದಿಯದು ದೊಡ್ಡ ಮನೆತನದ್ದು. ಅಲ್ಲಿನ ನೆರಳಿನ ಚಪ್ಪರ, ಚಹಾ, ಬಾವುಟ ಎಲ್ಲ ಅವರ ಕೊಡುಗೆ. ನೀಲಿಯದು ಸುಡಾನಿನ ಒಬ್ಬ ಗ್ಯಾರೇಜಿನವನು ತಾನೇ ಬಿಚ್ಚಿ ಕಟ್ಟಿದ್ದು.

ಹಳದಿಯವನು ಏಳನೆಯ ತಿರುವಿನಲ್ಲಿ ರಾಜಾರೋಷವಾಗಿ ಗೆರೆ ದಾಟುತ್ತಿದ್ದ. ನನ್ನ ಜಾಗದಿಂದಲೇ ಕಾಣುತ್ತಿತ್ತು. ನಸ್ರೀನ್ ಮರಳಿನ ದಿಬ್ಬದ ಮೇಲೆ ಕಾಲು ಅಗಲಿಸಿ ನಿಂತು ಪ್ರತಿ ಸಲ ವೈರ್‌ಲೆಸ್ಸಿಗೆ ಬಾಯಿ ಹಚ್ಚುತ್ತಿದ್ದಳು. ಎಚ್ಚರಿಕೆಯ ಬಾವುಟ ಬಂತು. ಅವನು ಮತ್ತೂ ದಾಟಿದ. ನಾಲ್ಕಾಯಿತು. ಓಟ ಮುಗಿದಾಗ ಹಳದಿ ಮುಂದೆ, ನೀಲಿ ಅದರ ಬಾಲಕ್ಕೆ. ಐದು ಸೆಕೆಂಡು ಕೂಡಿಸಿದರೆ ನೀಲಿ ಗೆದ್ದ ಲೆಕ್ಕ. ನನ್ನ ತಂಡವೇ ಗೆದ್ದ ಹಾಗೆ ಎದ್ದು ನಿಂತೆ.

ಅಷ್ಟರಲ್ಲಿ ಮರಿಯಾ ತನ್ನ ವೈರ್‌ಲೆಸ್ಸನ್ನು ಕಿವಿಗೆ ಒತ್ತಿಕೊಂಡು, ಅಯ್ಯೋ ಅನ್ನುವ ಮುಖ ಮಾಡಿದಳು. ಏನು ಅಂದೆ. ನಸ್ರೀನ್ ಕೊನೆಯಲ್ಲಿ ತಾನಾಗಿಯೇ ಒಂದು ಮಾತು ಸೇರಿಸಿದ್ದಳು. ಬಾವುಟದ ಕಡೆ ನೋಡುವಾಗ ನೀಲಿ ಕಾರು ಒಮ್ಮೆ ತನ್ನ ಕಣ್ಣು ತಪ್ಪಿ ಹೋಯಿತು, ಅದು ದಾಟಿತೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು. ಯಾರೂ ಕೇಳಿರಲಿಲ್ಲ. ಭಾಲ್ಕಿಯ ಹುಡುಗಿ ಕೈ ಎತ್ತಿದ್ದಳು.

ಸಾಹೇಬರ ಕೋಣೆ

ಕರೆ ಬಂತು. ನಮ್ಮ ಟೀಚರ್ ಅಂತ ಹೇಳಿ ನಸ್ರೀನ್ ನನ್ನನ್ನೂ ಕರೆದೊಯ್ದಳು. ಗಾಜಿನ ಕೋಣೆಯಲ್ಲಿ ಪಂದ್ಯದ ಮುಖ್ಯಸ್ಥ ಕೂತಿದ್ದ. ಬಿಸಿಲಿಗೆ ಮೂಗು ಕೆಂಪಾದವ, ಸಕ್ಕರೆಯ ಮಾತಿನವ. ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಇಷ್ಟು ಮರ್ಯಾದೆ ಸಿಕ್ಕಾಗಲೇ ಏನೋ ಕೇಡು ಅಂತ ತಿಳಿಯಬೇಕಿತ್ತು.

ಅವನ ವಾದ ಹೀಗಿತ್ತು. ನಿಯಮದ ಪ್ರಕಾರ ನಸ್ರೀನಳ ಮಾತೇ ಕೊನೆ. ಅದನ್ನು ತಾವು ಪೂರ್ತಿ ಒಪ್ಪುತ್ತೇವೆ. ತನ್ನ ಕಣ್ಣು ತಪ್ಪುತ್ತದೆ ಎಂದು ಅವಳೇ ಹೇಳಿದ್ದಾಳೆ. ಕಣ್ಣು ತಪ್ಪುವವರ ವರದಿಯ ಮೇಲೆ ಶಿಕ್ಷೆ ಹೇಗೆ ಕೊಡುವುದು? ಅದರಲ್ಲೂ ತಪ್ಪಿದ್ದು ನೀಲಿ, ಸಿಕ್ಕಿದ್ದು ಹಳದಿ. ಆದ್ದರಿಂದ ಏಳನೆಯ ತಿರುವಿನ ವರದಿಗಳೆಲ್ಲ ರದ್ದು, ಗೆದ್ದವರ ಕಪ್ ಹಳದಿ ಕಾರಿಗೆ.

ನೀಲಿಯವನು ಇಡೀ ಓಟದಲ್ಲಿ ಬೇರೆಲ್ಲೂ ಗೆರೆ ದಾಟಿರಲಿಲ್ಲ. ಇಲ್ಲಿ ಒಮ್ಮೆ ದಾಟಿದ್ದನೆಂದೇ ಇಟ್ಟುಕೊಳ್ಳಿ, ಒಂದಕ್ಕೆ ಶಿಕ್ಷೆಯೇ ಇಲ್ಲ. ಇದು ಮೂರನೆಯ ಇಯತ್ತೆಯ ಲೆಕ್ಕ. ನಾನು ಎದ್ದು ನಿಂತು ನನ್ನ ಇಂಗ್ಲಿಷಿನಲ್ಲಿ ಹೇಳಿದೆ, ಅವಳು ಸುಳ್ಳು ಹೇಳಿದ್ದರೆ ನಂಬುತ್ತಿದ್ದಿರಿ, ನಿಜ ಹೇಳಿದ್ದಕ್ಕೆ ನಂಬುವುದಿಲ್ಲವೇ ಎಂದು. ಅವನು ಇನ್ನಷ್ಟು ನೀರು ಬಗ್ಗಿಸಿದ.

ಆಮೇಲೆ ಅವನು ನಸ್ರೀನಳ ಕಡೆ ತಿರುಗಿ ದನಿ ಇಳಿಸಿದ. ನೀಲಿಯವನು ದೂರು ಕೊಟ್ಟಿದ್ದಾನೆ, ಗಲಾಟೆ ಬೇಡ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಏನೂ ಸರಿಯಾಗಿ ಕಾಣಲಿಲ್ಲ ಅಂತ ಹೇಳಿಬಿಡು. ಆಗ ಯಾರ ತಪ್ಪೂ ಅಲ್ಲ. ನಾಳೆ ಮತ್ತೆ ಅಲ್ಲೇ ನಿಲ್ಲಬಹುದು, ದೊಡ್ಡ ಪಂದ್ಯಕ್ಕೂ ಹೆಸರು ಹೋಗುತ್ತದೆ. ಇಲ್ಲವಾದರೆ ನಾಳೆಯಿಂದ ಪಾರ್ಕಿಂಗ್ ಗೇಟು.

"ಬಿಸಿಲು ನನ್ನ ಬೆನ್ನಿಗಿತ್ತು" ಅಂದಳು ನಸ್ರೀನ್.

ಬೆಳಿಗ್ಗೆಯವರೆಗೆ ಯೋಚಿಸು ಅಂತ ಅವನು ಬಾಗಿಲು ತೆರೆದು ಹಿಡಿದ.

ಸಂಜೆ ಮನೆಯಲ್ಲಿ ನಸ್ರೀನ್ ಪಾತ್ರೆ ತೊಳೆಯಲು ನಿಂತಳು. ನನಗೆ ಸಂಕಟ ತಡೆಯಲಾಗಲಿಲ್ಲ. ಕೈ ಎತ್ತಲು ಕಲಿಸಿದವಳು ನಾನು, ಕೈ ಕಡಿದದ್ದು ಅವಳದು. ಗಲ್ಲಾದ ಹಿಂದೆ ಕೂತು, ಯಾರಾದರೂ ಇದ್ದಾರೇನು ಅಂತ ಕೇಳಿಸಿಕೊಳ್ಳುವ ಅವಳ ಮುಖ ಕಣ್ಣ ಮುಂದೆ ಬಂತು. ಅದಕ್ಕೇ ಅಂದುಬಿಟ್ಟೆ, "ತಂಗಿ, ಸೂರ್ಯನ ಮ್ಯಾಲ ಹಾಕ್ಬಿಡು. ಅವಂಗೇನು ಹತ್ತೋದಿಲ್ಲ, ಬಿಡೋದಿಲ್ಲ. ನಿನ್ನ ಜಾಗಾ ಉಳೀತದ."

ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. "ಇದು ನೀವು ಹೇಳ್ಲತ್ತೀರೇನ್ರಿ ಟೀಚರ್?" ಅಂದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಮರಿಯಾ ಡಬ್ಬಿಯಲ್ಲಿ ಅನ್ನ ಮೀನು ತಂದಳು. ಕೋಣೆಯಲ್ಲಿ ಸಾಹೇಬ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿಕೊಂಡಳು. ಒಮ್ಮೆ ಕಣ್ಣು ತಪ್ಪಿತು ಅಂದರೆ ಎಲ್ಲ ವರದಿ ರದ್ದೇ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಚಹಾ ಕುಡಿದು ಹೋದಳು.

ಪಾರ್ಕಿಂಗ್ ಗೇಟು

ಬೆಳಿಗ್ಗೆ ನಸ್ರೀನ್ ಸಾಹೇಬನಿಗೆ ಅದೇ ಉತ್ತರ ಕೊಟ್ಟಳು. ಬಿಳಿ ಜಾಕೀಟು ಬಿಚ್ಚಿಸಿಕೊಂಡು, ಕೈಗೊಂದು ಹಗ್ಗದ ತುದಿ ಮತ್ತು ಗೇಟಿನ ವೈರ್‌ಲೆಸ್ಸು ಕೊಟ್ಟರು. ಕಾರು ಬಂದರೆ ಹಗ್ಗ ಎತ್ತಬೇಕು, ಹೋದರೆ ಇಳಿಸಬೇಕು. ನಾನೂ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಸ್ಟ್ಯಾಂಡಿನಲ್ಲಿ ಕೂತು ಆ ಹಳದಿಗೆ ಚಪ್ಪಾಳೆ ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿಂದ ರಸ್ತೆ ಕಾಣುವುದಿಲ್ಲ, ಸದ್ದು ಮಾತ್ರ.

ಆ ದಿನದ ಮೊದಲ ಓಟ ಅರ್ಧ ಆಗಿತ್ತೇನೋ. ವೈರ್‌ಲೆಸ್ಸಿನಲ್ಲಿ ಮರಿಯಾಳ ದನಿ ಬಂತು. ಮೂರನೆಯ ತಿರುವಿನಲ್ಲಿ ಒಂದು ಕಾರು ನನ್ನ ಕಣ್ಣು ತಪ್ಪಿತು ಎಂದಳು. ನನ್ನ ಇಂಗ್ಲಿಷಿಗೂ ಅಷ್ಟು ತಿಳಿಯಿತು. ಆ ಕಡೆಯಿಂದ ಸಾಹೇಬ, ಇನ್ನೊಮ್ಮೆ ಹೇಳು ಅಂದ. ಅವಳು ಇನ್ನೊಮ್ಮೆ ಹೇಳಿದಳು.

ತುಸು ಹೊತ್ತು ಬಿಟ್ಟು ಒಬ್ಬ ಮಲೆಯಾಳಿಯ ದನಿ. ಹನ್ನೊಂದನೆಯ ತಿರುವು, ಒಂದು ಕಾರು ನನ್ನ ಕಣ್ಣೂ ತಪ್ಪಿತು. ಆಮೇಲೆ ಆ ದೇಶದವನೇ ಆದ ಒಬ್ಬ ಮುದುಕ, ಸಾಲೆಯ ಮಾಸ್ತರನಂತೆ. ಅವನು ಗಂಟಲು ಸರಿಮಾಡಿಕೊಂಡು, ಒಂದನೆಯ ತಿರುವು, ನಿನ್ನೆಯೂ ಒಂದು ತಪ್ಪಿತ್ತು, ಇವತ್ತೂ ಒಂದು ತಪ್ಪಿದೆ, ನಿನ್ನೆ ಹೇಳದೆ ಉಳಿದದ್ದಕ್ಕೆ ನಾಚಿಕೆಯಾಗಿದೆ ಎಂದ. ಒಬ್ಬರಾದ ಮೇಲೆ ಒಬ್ಬರು. ನಾನು ನಸ್ರೀನಳನ್ನು ನೋಡಿದೆ. ಅವಳು ಹಗ್ಗ ಇಳಿಸುವುದನ್ನೇ ಮರೆತು ನಿಂತಿದ್ದಳು.

"ನೀ ಹೇಳಿದ್ದೇನು ಇವ್ರಿಗಿ?" ಅಂದೆ.

"ಇಲ್ರಿ ಟೀಚರ್. ನಿಮ್ಮಾಣಿ, ಹಿಂಗ ಮಾಡ್ರಿ ಅಂತ ನಾ ಯಾರಿಗೂ ಹೇಳಿಲ್ರಿ."

ಸಾಹೇಬನ ಲೆಕ್ಕ ಸಾಹೇಬನ ಕೊರಳಿಗೇ ಬಂತು. ಒಮ್ಮೆ ಕಣ್ಣು ತಪ್ಪಿದವರ ವರದಿ ರದ್ದಾದರೆ, ಆ ರಸ್ತೆಯ ಒಂದು ತಿರುವಿಗೂ ಈಗ ಗೆರೆ ಕಾಯುವವರಿಲ್ಲ. ಯಾರು ಎಷ್ಟು ದಾಟಿದರೂ ಹೇಳುವವರಿಲ್ಲ. ಓಟ ಮುಗಿಯಿತು, ಸದ್ದು ನಿಂತಿತು, ಆದರೆ ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗಲಿಲ್ಲ. ಎರಡನೆಯ ಓಟದ ವೇಳೆ ಮೀರಿದರೂ ಕಾರುಗಳು ಹೊರಡಲಿಲ್ಲ.

ಆಮೇಲೆ ಒಂದು ಸಣ್ಣ ಬಿಳಿ ಜೀಪು ಧೂಳೆಬ್ಬಿಸಿಕೊಂಡು ಒಳಗಿನಿಂದ ಬಂದು ಗೇಟು ದಾಟಿ ನಿಂತಿತು, ನಸ್ರೀನ್ ಅದರ ಹಿಂದೆ ಹಗ್ಗ ಇಳಿಸಿದಳು. ಒಳಗೆ ಸಾಹೇಬ, ಪಕ್ಕದ ಸೀಟಿನ ಮೇಲೆ ಮಡಚಿಟ್ಟ ಜಾಕೀಟು. ಇಳಿದು ಬಂದು, ಒಮ್ಮೆ ಕಣ್ಣು ತಪ್ಪುವುದು ಮನುಷ್ಯರಿಗೆ ಸಹಜ, ಇನ್ನು ಮುಂದೆ ಅದನ್ನು ತಪ್ಪೆಂದು ಎಣಿಸುವುದಿಲ್ಲ ಅಂದ. ಈ ಮಾತನ್ನು ತಾನೇ ಕಂಡುಹಿಡಿದವನ ಹಾಗೆ ಹೇಳಿದ. ಜಾಕೀಟು ಮುಂದೆ ಹಿಡಿದು, ಬಾ, ಏಳನೆಯ ತಿರುವು ಕಾಯುತ್ತಿದೆ, ದೊಡ್ಡ ಪಂದ್ಯಕ್ಕೂ ನಿನ್ನ ಹೆಸರೇ ಎಂದ.

ನಸ್ರೀನ್ ಕೈ ಚಾಚಲಿಲ್ಲ. ನಿನ್ನೆಯದು ಏನಾಯಿತು ಎಂದು ಕೇಳಿದಳು.

ನಿನ್ನೆಯದು ಮುಗಿಯಿತಲ್ಲ ಎಂದ ಅವನು. ಕಪ್ ಕೊಟ್ಟಾಗಿದೆ, ಫೋಟೋ ಆಗಿದೆ, ಆ ಮನೆತನದವರಿಂದ ವಾಪಸ್ಸು ಕೇಳುವುದು ಆಗದ ಮಾತು. ಮುಂದಿನದು ನೋಡು.

"ನಾನು ನಿನ್ನೆ ಹೇಳಿದ್ದು ಇವತ್ತು ನಿಜ ಅಂತಾದರೆ, ನಿನ್ನೆಯೂ ಅದು ನಿಜವೇ" ಎಂದಳು ಅವಳು, ಅಂಗಡಿಯಲ್ಲಿ ಟೈರಿನ ಅಳತೆ ಹೇಳುವ ಇಂಗ್ಲಿಷಿನಲ್ಲಿ. "ನೀಲಿಯವನಿಗೆ ಅವನ ಕಪ್ ಕೊಡಿ. ಆಮೇಲೆ ಬರುತ್ತೇನೆ."

ಸಾಹೇಬ ನನ್ನ ಕಡೆ ನೋಡಿದ, ನೀವಾದರೂ ಬುದ್ಧಿ ಹೇಳಿ ಅನ್ನುವ ಹಾಗೆ. ಹೋಗು ತಂಗಿ, ಜಾಗ ಬಿಡಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ನುಂಗಿಕೊಂಡೆ.

ಅವನು ಜಾಕೀಟನ್ನು ಸೀಟಿನ ಮೇಲೆ ಎಸೆದು ಜೀಪು ಹತ್ತಿದ, ಹೊರಳಿಸಿದ. ಹಗ್ಗ ಅಡ್ಡ ಇತ್ತು, ಹಾರ್ನು ಹೊಡೆದ. ನಸ್ರೀನ್ ಹಗ್ಗ ಎತ್ತಿ, ಅವನು ದಾಟುವ ತನಕ ಹಿಡಿದುಕೊಂಡು ನಿಂತಳು.